ಗಡಿ ಅಳಿದರೂ ಉಳಿದ ತಡೆ

1956ರ ಏಕೀಕರಣಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳು ಮೈಸೂರಿಗೆ ಸೇರಿದ್ದುವು. ಹೊನ್ನಾಳಿಯ ನೆರೆಯ ರಾಣೆಬೆನ್ನೂರು ಮುಂಬಯಿಗೂ, ಜಗಳೂರಿನ ನೆರೆಯ ಕೂಡ್ಲಿಗಿ 1953ರವರೆಗೆ ಮದರಾಸಿಗೂ ಸೇರಿದ್ದುವು. ಆ ಗಡಿಯೇನೋ ಅಳಿಯಿತು. ಆದರೆ 1966ರ ಮಾರುಕಟ್ಟೆ ಕಾಯಿದೆಯ ಮೇರೆಗೆ ಪ್ರತಿಯೊಂದು ಸಮಿತಿಯೂ ತನ್ನ ಕ್ಷೇತ್ರಕ್ಕೆ ಬೇರೆ ಪರವಾನಗಿ ಕೊಡುತ್ತಿದ್ದುದರಿಂದ, ಹೊರಗಿನ ವರ್ತಕರಿಗೆ ಹರಾಜಿನಲ್ಲಿ ಸೇರುವುದು ಸುಲಭವಾಗಿರಲಿಲ್ಲ. ಕೊಳ್ಳುವವರು ಕಡಮೆಯಾದಲ್ಲಿ ಬೆಲೆಯು ಇಳಿಯುವುದು ಸಹಜವಷ್ಟೆ.

2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಏರ್ಪಟ್ಟು, ದೂರದ ವರ್ತಕರೂ ಬೆಲೆ ಸೂಚಿಸಲು ದಾರಿಯಾಯಿತು. ಈಗ ಉಳಿದಿರುವ ದೊಡ್ಡ ತಡೆಯೆಂದರೆ ಮಾಲಿನ ಗುಣದ ವಿಷಯವಾದ ಸಂಶಯ. ಕಣ್ಣಿಗೆ ಕಾಣದ ಮಾಲಿಗೆ ಪೂರ್ಣ ಬೆಲೆಯನ್ನು ಯಾರೂ ಕೊಡರು. ಆದುದರಿಂದ ಮೆಕ್ಕೆಜೋಳವನ್ನು ತೇವಾಂಶವು ಶೇಕಡ 14ನ್ನು ಮೀರದಂತೆ ಒಣಗಿಸಿ, ಅಡಿಕೆಯಲ್ಲಿ ರಾಶಿ, ಗೊರಬಲುಗಳನ್ನು ಬೆರಸದೆ ವಿಂಗಡಿಸಿ ಮಾರುಕಟ್ಟೆಗೆ ಒಯ್ಯುವಂತೆ ಗ್ರಾಮದ ಮುಖಂಡರು ರೈತರಿಗೆ ತಿಳಿಯಹೇಳತಕ್ಕದ್ದು.