ಗಣಕಯಂತ್ರದ ಡಿಸ್ಕ್ ತುಂಬಿದಾಗ: ಬಳಕೆಯಾಗದ ಜಾಗದ ಮರುಹಂಚಿಕೆ

ಕಚೇರಿಯ ಗಣಕಯಂತ್ರದಲ್ಲಿ ಜಾಗ ಮುಗಿದಿದೆ, ಹೊಸದನ್ನು ಖರೀದಿಸಬೇಕು ಎಂಬ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ, ಅನುಮೋದನೆಗೆ ಮುನ್ನ ಸದಸ್ಯರು ಒಂದು ಪ್ರಶ್ನೆಯನ್ನು ಕೇಳುವುದು ಸೂಕ್ತ: ತುಂಬಿರುವುದು ಇಡೀ ಹಾರ್ಡ್ ಡಿಸ್ಕೋ, ಅದರ ಒಂದು ವಿಭಾಗವೋ? ಇವೆರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಖರೀದಿ ಬೇಕಾಗಬಹುದು. ಎರಡನೆಯದಕ್ಕೆ ಅರ್ಧ ದಿನದ ಎಚ್ಚರಿಕೆಯ ಕೆಲಸ ಸಾಕು.

ಹಾರ್ಡ್ ಡಿಸ್ಕನ್ನು ಒಂದು ಸರ್ವೆ ನಂಬರಿನ ಜಮೀನೆಂದು ಭಾವಿಸಿದರೆ, ಪಾರ್ಟಿಷನ್ ಎಂಬುದು ಅದರ ಪೋಡಿ. ಭೂಮಿ ಒಂದೇ, ಹಿಸ್ಸೆಗಳು ಬೇರೆ. ಯಾವ ಹಿಸ್ಸೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬ ವಿವರ ಡಿಸ್ಕಿನಲ್ಲಿಯೇ ಇರುವ ಒಂದು ಪುಟ್ಟ ಕೋಷ್ಟಕದಲ್ಲಿ ದಾಖಲಾಗಿರುತ್ತದೆ. ವಿಂಡೋಸ್ ಇರುವ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಕಾರ್ಯಾಚರಣೆ ವ್ಯವಸ್ಥೆ ಮತ್ತು ತಂತ್ರಾಂಶಗಳು, ಡಿ ಡ್ರೈವ್‌ನಲ್ಲಿ ಕಚೇರಿಯ ಕಡತಗಳು ಎಂಬ ಏರ್ಪಾಡು ಇರುತ್ತದೆ. ಯಂತ್ರವನ್ನು ಅಳವಡಿಸಿದ ದಿನ ಯಾರೋ ಅಂದಾಜಿನ ಮೇಲೆ ನೆಟ್ಟ ಬಾಂದುಕಲ್ಲುಗಳು ಅವು.

ಆ ಅಂದಾಜು ತಪ್ಪುವುದು ಸಹಜ. 500 ಜಿಬಿಯ ಒಂದು ಡಿಸ್ಕನ್ನು ಉದಾಹರಣೆಯಾಗಿ ನೋಡಬಹುದು. ವಿಂಡೋಸ್‌ನಲ್ಲಿ ಅದು ಸುಮಾರು 465 ಜಿಬಿ ಎಂದು ಕಾಣುತ್ತದೆ. ಇದು ಸರಬರಾಜುದಾರರ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ. ಇದರಲ್ಲಿ ಸಿ ಡ್ರೈವ್‌ಗೆ 100 ಜಿಬಿ, ಡಿ ಡ್ರೈವ್‌ಗೆ ಸುಮಾರು 365 ಜಿಬಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಕಾಲಕ್ರಮೇಣ ವಿಂಡೋಸ್‌ನ ಪರಿಷ್ಕರಣೆಗಳು ಸಿ ಡ್ರೈವ್‌ನಲ್ಲಿ ಸೇರುತ್ತವೆ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್‌ನಲ್ಲಿ ಇಟ್ಟ ಸ್ಕ್ಯಾನ್ ಪ್ರತಿಗಳು, ಕಾಮಗಾರಿಗಳ ಛಾಯಾಚಿತ್ರಗಳು, ಪಿಡಿಎಫ್‌ಗಳು ಕೂಡ ವಾಸ್ತವವಾಗಿ ಸಿ ಡ್ರೈವ್‌ನಲ್ಲಿಯೇ ಕೂರುತ್ತವೆ. ಡಿ ಡ್ರೈವ್‌ನಲ್ಲಿ 300 ಜಿಬಿ ಖಾಲಿ ಬಿದ್ದಿರುವಾಗಲೇ ಸಿ ಡ್ರೈವ್‌ನ ಪಟ್ಟಿ ಕೆಂಪಾಗುತ್ತದೆ. ಆಗ ಯಂತ್ರ ನಿಧಾನವಾಗುವುದಷ್ಟೇ ಅಲ್ಲ, ಭದ್ರತಾ ಪರಿಷ್ಕರಣೆಗಳು ಸ್ಥಾಪನೆಯಾಗದೆ ನಿಲ್ಲುತ್ತವೆ. ಡಿಜಿಟಲ್ ಸಹಿ ಬಳಸುವ ಯಂತ್ರದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ತಕ್ಷಣ ಬಾಂದುಕಲ್ಲು ಕೀಳಬೇಕಾಗಿಲ್ಲ. ಡಿಸ್ಕ್ ಕ್ಲೀನಪ್ ಬಳಸಿ ತಾತ್ಕಾಲಿಕ ಕಡತಗಳನ್ನೂ ಹಳೆಯ ವಿಂಡೋಸ್‌ನ ಉಳಿಕೆಗಳನ್ನೂ ತೆಗೆದರೆ ಹಲವು ಜಿಬಿ ಬಿಡುಗಡೆಯಾಗಬಹುದು. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೊದಲಾದ ಫೋಲ್ಡರ್‌ಗಳ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬ ಪುಟವಿದೆ; ಅಲ್ಲಿ ಅವುಗಳ ನೆಲೆಯನ್ನು ಡಿ ಡ್ರೈವ್‌ಗೆ ಬದಲಿಸಬಹುದು. ಬಹುಪಾಲು ಕಚೇರಿಗಳಿಗೆ ಇಷ್ಟೇ ಸಾಕಾದೀತು. ಅಪಾಯವಿಲ್ಲದ ಈ ದಾರಿಯನ್ನು ಮೊದಲು ಪರೀಕ್ಷಿಸದೆ ಪಾರ್ಟಿಷನ್‌ಗೆ ಕೈಹಾಕುವುದು ಆತುರದ ಕೆಲಸ.

ಇದರಿಂದಲೂ ಸಾಲದಿದ್ದರೆ ಮರುಹಂಚಿಕೆ. ವಿಂಡೋಸ್‌ನಲ್ಲಿಯೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಾಧನದಲ್ಲಿ ಶ್ರಿಂಕ್ ವಾಲ್ಯೂಮ್ ಒತ್ತಿದರೆ ವಿಭಾಗ ಕಿರಿದಾಗುತ್ತದೆ, ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿದರೆ ಹಿರಿದಾಗುತ್ತದೆ. ಕೇಳಲು ಸರಳ. ತೊಡಕು ಇರುವುದು ಜಾಗ ಎಲ್ಲಿ ಸಿಗುತ್ತದೆ ಎಂಬುದರಲ್ಲಿ. ಡಿ ಡ್ರೈವನ್ನು ಕುಗ್ಗಿಸಿದಾಗ ಖಾಲಿ ಜಾಗ ಅದರ ಬಲ ತುದಿಯಲ್ಲಿ ಉಂಟಾಗುತ್ತದೆ. ಸಿ ಡ್ರೈವ್ ಇರುವುದು ಎಡಕ್ಕೆ. ಈ ಸಾಧನವಾದರೋ ಒಂದು ವಿಭಾಗವನ್ನು ಅದರ ಬಲಕ್ಕೆ ತಾಗಿಕೊಂಡಿರುವ ಖಾಲಿ ಜಾಗಕ್ಕೆ ಮಾತ್ರ ವಿಸ್ತರಿಸಬಲ್ಲದು. ಪಕ್ಕದ ಜಮೀನಿನ ಆಚೆಗಿರುವ ಹೊಲವನ್ನು ತನ್ನ ಹೊಲಕ್ಕೆ ಸೇರಿಸಿಕೊಳ್ಳಲಾಗದಂತೆ, ಎಕ್ಸ್‌ಟೆಂಡ್ ಎಂಬ ಆಯ್ಕೆ ಮಂಕಾಗಿಯೇ ಉಳಿಯುತ್ತದೆ. ಎಷ್ಟೋ ಆಪರೇಟರುಗಳು ಇಲ್ಲಿಯೇ ಸಿಕ್ಕಿಹಾಕಿಕೊಳ್ಳುವುದು.

ಬಿಡುಗಡೆಗೆ ಎರಡು ಮಾರ್ಗಗಳಿವೆ. ಒಂದು, ಡಿ ಡ್ರೈವ್‌ನ ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಡಿ ವಿಭಾಗವನ್ನೇ ಅಳಿಸಿ, ಸಿ ಡ್ರೈವನ್ನು 102400 ಎಂಬಿ, ಅಂದರೆ 100 ಜಿಬಿಯಷ್ಟು ವಿಸ್ತರಿಸಿ, ಉಳಿದುದರಲ್ಲಿ ಹೊಸ ಡಿ ಡ್ರೈವ್ ರಚಿಸಿ ಕಡತಗಳನ್ನು ಮರಳಿ ತುಂಬುವುದು. ಇನ್ನೊಂದು, ಜಿಪಾರ್ಟೆಡ್‌ನಂತಹ ಉಚಿತ ಮುಕ್ತ ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ಚಾಲೂ ಮಾಡಿ ಡಿ ವಿಭಾಗವನ್ನು ಕುಗ್ಗಿಸಿ ಬಲಕ್ಕೆ ಸರಿಸುವುದು. ಇದಕ್ಕೆ ಮುನ್ನ ವಿಂಡೋಸನ್ನು ಶಿಫ್ಟ್ ಕೀಲಿ ಹಿಡಿದು ಪೂರ್ಣವಾಗಿ ಮುಚ್ಚಿರಬೇಕು. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ವಿಭಾಗ ಅರೆನಿದ್ರೆಯಲ್ಲಿಯೇ ಉಳಿದಿರುತ್ತದೆ. ಎರಡನೆಯ ಮಾರ್ಗ ನಾಜೂಕಾಗಿ ಕಂಡರೂ ಮೊದಲನೆಯದೇ ಮೇಲು. ಸರಿಸುವುದೆಂದರೆ ಅಲ್ಲಿರುವ ದತ್ತಾಂಶವನ್ನು ಬೇರೆ ಸ್ಥಳದಲ್ಲಿ ಮತ್ತೆ ಬರೆಯುವುದು. ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ವಿದ್ಯುತ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬ ಸ್ಥಿತಿಯಾಗಿ ವಿಭಾಗವೇ ತೆರೆಯದಂತಾಗಬಹುದು. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ ಎಂಬುದನ್ನು ಮೊದಲೇ ನೋಡಿರಬೇಕು.

ಸಿ ಮತ್ತು ಡಿ ನಡುವೆ ರಿಕವರಿ ಎಂಬ ಪುಟ್ಟ ವಿಭಾಗ ಇರುವುದೂ ಉಂಟು. ದಾರಿಗೆ ಅಡ್ಡವಾದ ಖರಾಬಿನ ತುಂಡಿನಂತೆ ಅದು ಕಂಡರೂ ವಿಂಡೋಸ್ ಕೆಟ್ಟಾಗ ದುರಸ್ತಿಗೆ ಬೇಕಾಗುವುದು ಅದೇ, ಕಂಡೊಡನೆ ಅಳಿಸಬಾರದು. ಡಿಸ್ಕಿಗೆ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದಲ್ಲಿ ಅದರ 48 ಅಂಕಿಗಳ ರಿಕವರಿ ಕೀಲಿ ಮೊದಲೇ ಕೈಯಲ್ಲಿರಬೇಕು. ಅದಿಲ್ಲದೆ ಯಂತ್ರ ಕೀಲಿ ಕೇಳುತ್ತಾ ಕುಳಿತರೆ ಒಳಗಿರುವುದನ್ನು ತೆಗೆಯುವ ಉಪಾಯವಿಲ್ಲ.

ಸದಸ್ಯರು ಹೆಚ್ಚು ಗಮನ ಕೊಡಬೇಕಾದುದು ನಕಲು ಪ್ರತಿಯ ವಿಷಯಕ್ಕೆ. ರಾಜ್ಯದ ಸರ್ವರ್‌ನಲ್ಲಿ ದಾಖಲಾದದ್ದು ಅಲ್ಲಿ ಸುರಕ್ಷಿತವಾಗಿರುತ್ತದೆ. ಆದರೆ ಸಭಾ ನಡವಳಿಯ ಕರಡುಗಳು, ಸ್ಕ್ಯಾನ್ ಮಾಡಿದ ಹಳೆಯ ವಹಿಗಳು, ಗ್ರಾಮಸ್ಥರ ಅರ್ಜಿಗಳ ಪ್ರತಿಗಳು ಆ ಒಂದು ಡಿ ಡ್ರೈವ್‌ನಲ್ಲಿ ಮಾತ್ರ ಇರುವ ಸಂಭವವೇ ಹೆಚ್ಚು. ನಕಲಾಗಿದೆ ಎಂಬ ಮಾತಿಗೆ ತೃಪ್ತರಾಗದೆ, ಹೊರಗಿನ ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ಹತ್ತಾರು ಕಡತಗಳನ್ನು ತೆರೆದು ನೋಡಿದ ನಂತರವೇ ಕೆಲಸ ಆರಂಭವಾಗಬೇಕು. ಕೆಲಸವನ್ನು ಹೊರಗಿನ ತಂತ್ರಜ್ಞರಿಗೆ ಒಪ್ಪಿಸಿದರೂ ನಕಲು ಪ್ರತಿ ಕಚೇರಿಯ ಬೀರುವಿನಲ್ಲಿಯೇ ಇರತಕ್ಕದ್ದು. ಪರವಾನಗಿಯಿಲ್ಲದ ಕಳ್ಳಪ್ರತಿ ತಂತ್ರಾಂಶಗಳನ್ನು ಈ ಕೆಲಸಕ್ಕೆ ಬಳಸಲು ಆಸ್ಪದ ಕೊಡಬಾರದು.

ಇನ್ನು, ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಕಡತಗಳು ಮೇಲಿಂದ ಮೇಲೆ ದೋಷ ತೋರಿಸುತ್ತಿದ್ದರೆ ಅದು ಜಾಗದ ಕೊರತೆಯಲ್ಲ, ಡಿಸ್ಕಿನ ಕ್ಷಯ. ಅಂತಹ ಡಿಸ್ಕಿನಲ್ಲಿ ಮರುಹಂಚಿಕೆಗೆ ತೊಡಗಿದರೆ ಇರುವುದೂ ಹೋದೀತು. ಅಲ್ಲಿ ಕಡತಗಳನ್ನು ಕೂಡಲೇ ಹೊರತೆಗೆದು, ಹೊಸ ಡಿಸ್ಕಿನ ಖರೀದಿ ಪ್ರಸ್ತಾವನೆಗೆ ತಡಮಾಡದೆ ಒಪ್ಪಿಗೆ ನೀಡುವುದೇ ಮಿತವ್ಯಯ.