ಅಳಿವೆಯಲ್ಲಿ ನಾಸದೀಯ

ತದಡಿಯ ಬಳಿ, ಅಘನಾಶಿನಿಯ ಅಳಿವೆಯಲ್ಲಿ, ಮಾಘದ ಮಂಜು ಬೆಳಗಿನ ಏಳಾದರೂ ಕದಲುವುದಿಲ್ಲ. ನೀರು ಬೂದಿಬಣ್ಣ, ಬಾನೂ ಬೂದಿಬಣ್ಣ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲಾಗದು. ಹುಟ್ಟಿನ ಸದ್ದು ಮೊದಲು ಬರುತ್ತದೆ, ದೋಣಿ ಆಮೇಲೆ ಕಾಣುತ್ತದೆ. ಇಲ್ಲಿ ಕೂತಾಗಲೆಲ್ಲ ದೂರದರ್ಶನದ ಹಳೆಯ ಶೀರ್ಷಿಕೆ ಗೀತೆಯೊಂದು ನನ್ನೊಳಗೆ ಏಳುತ್ತದೆ.

ಹೊನ್ನಾವರದ ಸೀಮೆಯವರೇ ಆದ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ರಾಗವನ್ನು ಈ ಕಡೆ ಗುನುಗದವರಿಲ್ಲ, ಎಲ್. ವೈದ್ಯನಾಥನ್ ಕಟ್ಟಿದ ಆ ರಾಗಕ್ಕೆ ಅರ್ಥದ ಹಂಗಿಲ್ಲ. ನನ್ನನ್ನು ಹಿಡಿದದ್ದು ‘ಭಾರತ್ ಏಕ್ ಖೋಜ್’. ನೆಹರೂ 1944ರಲ್ಲಿ ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ಬರೆದ ಪುಸ್ತಕವನ್ನು ಶ್ಯಾಮ್ ಬೆನೆಗಲ್ 1988ರಿಂದ 53 ಕಂತುಗಳಲ್ಲಿ ತೋರಿಸಿದರು. ವನರಾಜ್ ಭಾಟಿಯಾ ಅವರ ಮೇಳ ಮೊದಲು ಸಂಸ್ಕೃತದಲ್ಲಿ, ಬೆನ್ನಿಗೇ ಹಿಂದಿಯಲ್ಲಿ ಹಾಡುತ್ತಿತ್ತು. ಆಗ ನನಗೆ ಎರಡೂ ತಿಳಿಯದು; ದೂರದ ಕಡಲ ಮೊರೆತದ ಹಾಗೆ ಕೇಳುತ್ತಿದ್ದೆ. ಅದು ಋಗ್ವೇದದ ಹತ್ತನೆಯ ಮಂಡಲದ 129ನೇ ಸೂಕ್ತ, ಏಳೇ ಋಕ್ಕುಗಳ ನಾಸದೀಯ, ಎಂದು ಗೊತ್ತಾಗಲು ವರ್ಷಗಳೇ ಹಿಡಿದವು. ರಾಜರ, ಯುದ್ಧಗಳ ಕಥೆಗೆ ಮುನ್ನ ಏನೂ ಇಲ್ಲದಿದ್ದ ಹೊತ್ತಿನ ಮಾತು! ಇದ್ದದ್ದೂ ಇರಲಿಲ್ಲ, ಇಲ್ಲದ್ದೂ ಇರಲಿಲ್ಲ; ಎಲ್ಲವನ್ನೂ ಮುಚ್ಚಿದ್ದು ಯಾವುದು, ಆಳ ತಿಳಿಯದ ನೀರೇ ಎಂದು ಋಷಿ ಕೇಳುತ್ತಾನೆ. ಕೊನೆಯಲ್ಲೂ ಗೊತ್ತೆಂದು ಹೇಳುವುದಿಲ್ಲ. ಆ ಹಿಂಜರಿಕೆ ನನಗೆ ಬಹಳ ಪ್ರಿಯ.

ಎಂಟರ ಹೊತ್ತಿಗೆ ನೀರು ಇಳಿಯತೊಡಗುತ್ತದೆ. ಕಾಂಡ್ಲಾ ಗಿಡಗಳ ಉಸಿರುಬೇರುಗಳು ಮೊದಲು ತಲೆ ಎತ್ತುತ್ತವೆ, ಆಮೇಲೆ ಎಣ್ಣೆ ಸವರಿದಂತೆ ಹೊಳೆಯುವ ಕಪ್ಪು ಕೆಸರು. ನಾನು ಅಲುಗದೆ ಕೂರುತ್ತೇನೆ. ಮೊದಲು ಒಂದು ಬಿಲದ ಬಾಯಲ್ಲಿ ಕಡ್ಡಿಯಂಥ ಎರಡು ಕಣ್ಣು. ಮತ್ತೆ ಒಳಗೆ. ಮತ್ತೆ ಹೊರಗೆ. ಬಳಿಕ ಉಗುರಗಲದ ಗಂಡು ಏಡಿ ಓರೆಯಾಗಿ ಜಾರಿ ಹೊರಬರುತ್ತದೆ: ಮೈ ಕೆಸರಿನದೇ ಬಣ್ಣ, ಒಂದು ಕೈ ಮಾತ್ರ ಮೈಗಿಂತ ದೊಡ್ಡದು, ಹಣ್ಣಾಗುತ್ತಿರುವ ಗೇರಿನ ಕೆಂಪು. ಆ ಕೈಯನ್ನು ಪಕ್ಕಕ್ಕೆ ಚಾಚಿ, ಮೇಲೆತ್ತಿ, ಅರೆಕ್ಷಣ ತಡೆದು, ಬಾಯ ಮುಂದಕ್ಕೆ ಮಡಚಿಕೊಳ್ಳುತ್ತದೆ. ಚಿಕ್ಕ ಕೈ ಅಷ್ಟರಲ್ಲಿ ಕೆಸರು ಚಿವುಟಿ ಬಾಯಿಗಿಡುತ್ತಿರುತ್ತದೆ. ತಿನ್ನುವುದನ್ನು ಸೋಸಿಕೊಂಡು ಉಳಿದದ್ದನ್ನು ರಾಗಿಕಾಳಿನಂಥ ಉಂಡೆಯಾಗಿ ಕೆಳಗಿಡುತ್ತದೆ. ಹೆಣ್ಣಿಗೆ ಎರಡೂ ಕೈ ಚಿಕ್ಕವು. ಅದು ಎರಡರಿಂದಲೂ ಉಣ್ಣುತ್ತದೆ. ತುಸು ದೂರದಲ್ಲಿ ಬಳಚು ಹೆಕ್ಕುವ ಹೆಂಗಸರು ಮೊಣಕಾಲು ನೀರಲ್ಲಿ ಬಾಗಿದ್ದಾರೆ. ಮೇಲೆ ಗರುಡವೊಂದು ಸುತ್ತಿದಾಗ ಅದರ ನೆರಳು ಕೆಸರಿನ ಮೇಲೆ ಹಾಯುತ್ತದೆ, ನೂರಾರು ಕೆಂಪು ಕೈಗಳು ಒಮ್ಮೆಗೇ ಮಾಯ.

ಉಬ್ಬರ ಬರುವ ಮುನ್ನ ನನ್ನೆದುರಿನ ಏಡಿ ಒಂದು ಹಿಡಿ ಕೆಸರನ್ನು ಕಾಲುಗಳಿಂದ ತಬ್ಬಿ ಎಳೆಯುತ್ತಾ ಹಿಂದೆ ಸರಿಯುತ್ತದೆ. ಬಿಲದೊಳಗೆ ಇಳಿದು ಅದನ್ನೇ ಬಾಯಿಗೆ ಬಿರಡೆಯಂತೆ ಒತ್ತಿಕೊಳ್ಳುತ್ತದೆ. ತೆಳ್ಳನೆಯ ನೀರಿನ ಅಂಚು ಬಂದು ರಾಗಿಕಾಳುಗಳನ್ನು ಒಂದೊಂದಾಗಿ ಕರಗಿಸುತ್ತದೆ, ಬಿಲವಿದ್ದ ಜಾಗ ನುಣ್ಣಗಾಗುತ್ತದೆ.