ಮಕ್ಕಳ ನಾಟಕದವರಿಗೂ ಬೇಕು ಮುಯ್ಯಾಳು

ಬಿತ್ತನೆ, ಕಳೆ, ಕೊಯ್ಲು ಬಂದಾಗ ಹಳ್ಳಿಗಳಲ್ಲಿ ಮುಯ್ಯಾಳು ಹೋಗುವುದುಂಟು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಆಳಿಗೆ ಆಳು. ಅಂಗನವಾಡಿ, ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ನಾಟಕ ಮಾಡುವವರೂ ಹೀಗೊಂದು ಬಳಗ ಕಟ್ಟಿಕೊಳ್ಳಬಹುದು. ಇದನ್ನೇ ಈಗ ‘ಪಿಯರ್ ಸಪೋರ್ಟ್’ ಎನ್ನುತ್ತಾರೆ. ಅಂದರೆ ಒಂದೇ ಕಸುಬಿನವರು ಒಬ್ಬರಿಗೊಬ್ಬರು ಒದಗುವುದು.

ಯಾರಿಗೆ ಬೇಕು?

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನೇ ನೋಡಿ. ಅಲ್ಲಿ 1997ರಲ್ಲಿ ‘ಶಿವಸಂಚಾರ’ ನಾಟಕ ತಂಡದ ತಿರುಗಾಟ ಶುರುವಾಯಿತು. 2008ರಲ್ಲಿ ಶಿವಕುಮಾರ ರಂಗಪ್ರಯೋಗಶಾಲೆ ಬಂತು. ಇಂಥ ಕಡೆ ಕಲಿತು, ತಂಡದೊಂದಿಗೆ ಊರೂರು ಸುತ್ತಿದವರು ಮುಂದೆ ‘ಫ್ರೀಲಾನ್ಸ್’ ಆಗುವುದುಂಟು. ಅಂದರೆ ತಿಂಗಳ ಸಂಬಳವಿಲ್ಲ, ಕೆಲಸ ಸಿಕ್ಕಷ್ಟು ದಿನ ದುಡಿಮೆ. ಏಪ್ರಿಲ್–ಮೇನಲ್ಲಿ ಬೇಸಿಗೆ ಶಿಬಿರ, ಡಿಸೆಂಬರ್ ಹೊತ್ತಿಗೆ ಶಾಲಾ ವಾರ್ಷಿಕೋತ್ಸವ. ನಡುವಿನ ತಿಂಗಳುಗಳು ಬಿಗಿ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ತಂಡದಲ್ಲಿದ್ದಾಗ ತಿದ್ದುವವರಿದ್ದರು, ಈಗ ತಪ್ಪಾದರೆ ಹೇಳುವವರೇ ಇಲ್ಲ.

ಹೇಗೆ ನಡೆಯುತ್ತದೆ?

ಮೊದಲನೆಯದು, ಒಬ್ಬರ ನಾಟಕವನ್ನು ಇನ್ನೊಬ್ಬರು ನೋಡುವುದು. ಉದಾಹರಣೆಗೆ, ಹೊಳಲ್ಕೆರೆ ಕಡೆಯ ಒಂದು ಅಂಗನವಾಡಿ ಎಂದುಕೊಳ್ಳಿ. ಹುಲಿ ಮುಖವಾಡ ಹಾಕಿದ ನಟ ಬಾಗಿಲಿನಿಂದ ಒಮ್ಮೆಲೇ ಒಳಗೆ ಹಾರುತ್ತಾನೆ. ಮುಂದಿನ ಸಾಲಿನ ಮಗು ಚೀರಿ ಅಳುತ್ತದೆ. ನಟನಿಗೆ ಗಾಬರಿ, ಕಾರಣ ತಿಳಿಯದು. ಹಿಂದೆ ಚಾಪೆಯ ಮೇಲೆ ಕೂತ ಗೆಳತಿ ಮಕ್ಕಳ ಮುಖ ನೋಡುತ್ತಿದ್ದಾಳೆ. ಆಟ ಮುಗಿದ ಮೇಲೆ ಹೇಳುತ್ತಾಳೆ: “ಮೊದಲು ನಿನ್ನ ಮುಖ ತೋರಿಸು ಮಾರಾಯ. ಮುಖವಾಡ ಅವರ ಕೈಗೆ ಕೊಡು, ಮುಟ್ಟಿ ನೋಡಲಿ. ಆಮೇಲೆ ಅವರೆದುರೇ ಹಾಕಿಕೊ.” ಮಾರನೆಯ ದಿನ ಅದೇ ಹುಲಿಗೆ ಮಕ್ಕಳು ಹುಲ್ಲು ತಿನ್ನಿಸಲು ಬರುತ್ತಾರೆ.

ಎರಡನೆಯದು, ಬದಲಿ ಆಳು. ಹಿರಿಯೂರಿನವರಿಗೆ ಜ್ವರ ಬಂದರೆ ಚಿತ್ರದುರ್ಗದವರು ಹೋಗಿ ಪಾತ್ರ ಮಾಡಬೇಕು. ಅದಕ್ಕೆ ಇಬ್ಬಿಬ್ಬರು ಜೋಡಿಯಾಗಿ ಪರಸ್ಪರರ ನಾಟಕ ಕಲಿತಿರಬೇಕು. ಮೂರನೆಯದು, ಸಾಮಾನಿನ ಟ್ರಂಕು. ಬಣ್ಣ, ಬಟ್ಟೆ, ಗೊಂಬೆ, ತಮಟೆ ಎಲ್ಲರದ್ದೂ. ಒಯ್ದದ್ದನ್ನು ಪುಸ್ತಕದಲ್ಲಿ ಬರೆದರೆ ಜಗಳವಿಲ್ಲ. ನಾಲ್ಕನೆಯದು, ಒಂದು ಪುಟದ ಕರಾರು. ದಿನಾಂಕ, ಮಕ್ಕಳ ಸಂಖ್ಯೆ, ಸಂಭಾವನೆ, ಬಸ್ ಖರ್ಚು, ಮುಂಗಡ, ಬಾಕಿ ಕೊಡುವ ದಿನ ಅದರಲ್ಲಿರಲಿ. ನಮೂನೆಯನ್ನು ಬಳಗ ಒಮ್ಮೆ ಬರೆದಿಟ್ಟುಕೊಂಡರೆ ಸಾಕು.

“ನನ್ನ ನಾಟಕವನ್ನೇ ಕದ್ದರೆ?” ಎಂದು ನೀವು ಕೇಳಬಹುದು. ನ್ಯಾಯವಾದ ಅನುಮಾನ. ಕೇಳದೆ ಆಡುವಂತಿಲ್ಲ, ಕಟ್ಟಿದವರ ಹೆಸರು ಹೇಳದೆ ಆಡುವಂತಿಲ್ಲ, ಒಬ್ಬರು ಒಪ್ಪಿಕೊಂಡ ಶಾಲೆಗೆ ಇನ್ನೊಬ್ಬರು ಕಡಿಮೆ ದರ ಹೇಳಿ ಹೋಗುವಂತಿಲ್ಲ. ಈ ಮೂರು ಮಾತು ಮೊದಲ ಸಭೆಯಲ್ಲೇ ಬರೆದು ಎಲ್ಲರೂ ಸಹಿ ಹಾಕಿ.

ಖರ್ಚೆಷ್ಟು?

ಎಂಟು ಜನ ತಿಂಗಳಿಗೆ ತಲಾ 100 ರೂಪಾಯಿ ಹಾಕಿದರೆ ವರ್ಷಕ್ಕೆ 9,600 ರೂಪಾಯಿ. ಕಾಯಿಲೆ ಬಿದ್ದವರಿಗೆ ಸಾಲವಾಗಿ, ಟ್ರಂಕಿನ ರಿಪೇರಿಗೆ ಅದು ಆಗುತ್ತದೆ. ಅಪಘಾತಕ್ಕೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ನಿಮ್ಮ ಬ್ಯಾಂಕಿನಲ್ಲೇ ಮಾಡಿಸಬಹುದು. ವಯಸ್ಸು 18ರಿಂದ 70, ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಸಂಭವಿಸಿದರೆ ಮನೆಯವರಿಗೆ 2 ಲಕ್ಷ. ಅಸಂಘಟಿತ ಕಾರ್ಮಿಕರ ‘ಇ-ಶ್ರಮ್’ ನೋಂದಣಿ ಉಚಿತ. ವಯಸ್ಸು 16ರಿಂದ 59 ಇರಬೇಕು, ಪಿಎಫ್ ಅಥವಾ ಇಎಸ್‌ಐ ಸದಸ್ಯರಾಗಿರಬಾರದು.

ಎಲ್ಲಿ, ಯಾರನ್ನು ಕೇಳಬೇಕು?

ಸಭೆ ಚಿತ್ರದುರ್ಗದಲ್ಲೇ ಅನುಕೂಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆಯಿಂದ ನೇರ ಬಸ್ಸುಂಟು. ಜೊತೆಗಾರರನ್ನು ಹುಡುಕಲು ಸಾಣೇಹಳ್ಳಿಯ ವಾರ್ಷಿಕ ನಾಟಕೋತ್ಸವಕ್ಕಿಂತ ಒಳ್ಳೆಯ ಜಾಗವಿಲ್ಲ. ಬಳಗ ಬೆಳೆದ ಮೇಲೆ ಸಂಘವಾಗಿ ನೋಂದಾಯಿಸಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಸದಸ್ಯರು ಬೇಕು. ಸರ್ಕಾರದ ಧನಸಹಾಯದ ವಿಷಯವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಹೊರಜಗತ್ತಿನ ನಂಟು ಬೇಕಿದ್ದರೆ 1965ರಲ್ಲಿ ಹುಟ್ಟಿದ ‘ಅಸಿಟೆಜ್’ ಇದೆ. ಮಕ್ಕಳ ರಂಗಭೂಮಿಯ ಈ ಅಂತರರಾಷ್ಟ್ರೀಯ ಕೂಟಕ್ಕೆ ಭಾರತದ ಶಾಖೆಯೂ ಉಂಟು. ಮಾರ್ಚ್ 20ನ್ನು ಅದು ಮಕ್ಕಳ ರಂಗಭೂಮಿ ದಿನವಾಗಿ ಆಚರಿಸುತ್ತದೆ.

ಏಳು ಜನ ಸೇರಲಿ ಎಂದು ಮಾತ್ರ ಕಾಯಬೇಡಿ. ಮುಯ್ಯಿ ಇಬ್ಬರಿದ್ದರೂ ನಡೆಯುತ್ತದೆ. ಮುಂದಿನ ಆಟಕ್ಕೆ ಒಬ್ಬರನ್ನು ಕರೆಯಿರಿ. ಹಿಂದಿನ ಚಾಪೆಯಲ್ಲಿ ಕೂರಿಸಿ, ಕೈಗೊಂದು ಪೆನ್ನು ಕೊಡಿ. ನಿಮ್ಮನ್ನಲ್ಲ, ಮಕ್ಕಳನ್ನು ನೋಡಲು ಹೇಳಿ.